ವೋಫಾ ಡ್ವೊಮೊ ಮತ್ತು ಒಂಬತ್ತು ಸಾವಿರ ಹುಟ್ಟಿದ ದಿನಗಳು

ಟೆಚಿಮನ್ ಪೇಟೆಯಲ್ಲಿ ಅಬೊಟಾರೆ ಹೆರಿಗೆ ಮನೆಯ ಎದುರಿಗೆ ನನ್ನ ಅಂಗಡಿ. ಮಗುವಿನ ಬೇಸಿನ್ನು, ಸೋಪು, ಪೌಡರು, ಬಿಳಿ ಶಾಲು, ಬಾಣಂತಿ ಸುತ್ತಿಕೊಳ್ಳುವ ಬಟ್ಟೆ, ಎಲ್ಲ ನನ್ನಲ್ಲಿ ಸಿಗುತ್ತದೆ. ಊರವರು ನನ್ನನ್ನು ಮಾಮೆ ಕೊನಾಡು, ಅಂದರೆ ಕೊನಾಡಮ್ಮ, ಅನ್ನುತ್ತಾರೆ. ಅಬೊಟಾರೆ ಎಂದರೆ ತಾಳ್ಮೆ. ನೋವು ತಿನ್ನುತ್ತ ಬರುವ ಹೆಂಗಸಿನ ಕಣ್ಣಿಗೆ ಮೊದಲು ಬೀಳುವುದು ಆ ಬೋರ್ಡು. ಅದನ್ನು ಓದಿ ಬೈಯದೆ ಒಳಗೆ ಹೋದವಳನ್ನು ನಾನಿನ್ನೂ ಕಂಡಿಲ್ಲ.

ಆ ಮನೆಯ ಗುಮಾಸ್ತರು ಕ್ವಾಕು ಡ್ವೊಮೊ. ಊರಿಗೆಲ್ಲ ಅವರು ವೋಫಾ, ಅಂದರೆ ಸೋದರಮಾವ. ನಮ್ಮಲ್ಲಿ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಜಾಸ್ತಿ. ಊರಿನ ಅರ್ಧ ಮಕ್ಕಳನ್ನು ಮೊಟ್ಟಮೊದಲು ಕಾಗದಕ್ಕೆ ಇಳಿಸಿದವರು ಅವರೇ ಆದ್ದರಿಂದ ಪದವಿ ತಾನಾಗಿ ಬಂತು. ತೂಕ ಮಾತ್ರ ಬರಲಿಲ್ಲ. ಆಳು ಒಣಗಿದ ಜೋಳದ ದಂಟು. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕತ್ತಿನವರೆಗೆ ಗುಂಡಿ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಅಂಗಡಿಯಿಂದ ಅವರು ಕೊಂಡದ್ದು ಒಂದೇ ಒಂದು ವಸ್ತು: ಎಳೆಗೂಸಿನ ಉಗುರು ತೆಗೆಯುವ ಪುಟ್ಟ ಕತ್ತರಿ. ಅದೂ ತಮ್ಮ ಮೀಸೆಗೆ. ಅದಕ್ಕೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು.

ಹಾಗಿದ್ದೂ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಬೆಂಚಿನ ಬಲತುದಿ ಅವರದೇ. ಪಕ್ಕದ ಗಾಡಿಯಿಂದ ಸಜ್ಜೆ ಗಂಜಿ, ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಅಲಸಂದೆ ಕೋಸೆ ತಂದುಕೊಂಡು, ಗಂಟಲಿಗೂ ಕೇಳದ ಹಾಗೆ ಕುಡಿಯುತ್ತಿದ್ದರು. ಇನ್ನೊಂದು ತುದಿಯಲ್ಲಿ ನನ್ನವ್ವ. ಎಂಬತ್ತು ದಾಟಿದ ಅವಳಿಗೆ ಕಾಲು ಬರುವುದಿಲ್ಲ, ಬಾಯಿ ಚೆನ್ನಾಗಿಯೇ ಬರುತ್ತದೆ.

"ಏನು ವೋಫಾ, ಬಸುರಿ ಮನೇಲಿ ಇಷ್ಟು ವರ್ಷ ಕೂತೆ, ನಿನಗೆ ಮಾತ್ರ ಹೊಟ್ಟೆ ಬರ್ಲಿಲ್ವಲ್ಲ" ಎಂದು ಅವಳು ಕೆಣಕುವಳು.

"ಗಂಜೀಲಿ ಹೊಟ್ಟೆ ಬರಲ್ಲ ನಾನಾ" ಎಂದು ಅವರು ಗಂಭೀರವಾಗಿ ಹೇಳುವರು. ನಾನಾ ಎಂದರೆ ಅಜ್ಜಿ. ಹಿರಿಯರನ್ನು ಹಾಗೆ ಕರೆಯುವುದು ನಮ್ಮ ರೂಢಿ.

ಮೊದಲು ಅವರು ಅಂಚೆ ಕಚೇರಿಯ ಬೇವಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಊರವರ ಅರ್ಜಿ ಬಡಿದುಕೊಡುತ್ತಿದ್ದರಂತೆ. ತೊಂಬತ್ತೊಂದರಲ್ಲಿ ಹೆರಿಗೆ ಮನೆ ನಡೆಸುತ್ತಿದ್ದ ಸೂಲಗಿತ್ತಿ ಫ್ರಿಂಪೊಮಾ ವೋಫಾರನ್ನು ಕರೆತಂದು ಅಲ್ಲಿನ ಮೂಲೆಯಲ್ಲಿ ಕೂರಿಸಿದರು. ತೊಂಬತ್ತಾರರಲ್ಲಿ ಎಲ್ಲಿಂದಲೋ ದಾನವಾಗಿ ಒಂದು ಕಂಪ್ಯೂಟರು ಬಂತು. ಅದರೊಂದಿಗೆ ಬಂದ ದಪ್ಪ ಪುಸ್ತಕವನ್ನು ವೋಫಾ ಮೂರು ತಿಂಗಳು ಓದಿದರು. ಚರ್ಚಿಗೂ ಅದನ್ನೇ ಹಿಡಿದು ಬಂದಿದ್ದರೆಂದು ಪಾದ್ರಿ ನನ್ನ ಹತ್ತಿರ ದೂರಿದ್ದುಂಟು. ಆಮೇಲೆ ತಾವೇ ಒಂದು ಡೇಟಾಬೇಸ್ ಕಟ್ಟಿದರು. ಒಂದು ಹೆರಿಗೆಗೆ ಒಂದು ಸಾಲು: ತಾಯಿಯ ಕಾರ್ಡಿನ ಸಂಖ್ಯೆ, ತಾಯಿಯ ಹೆಸರು, ಮಗುವಿನ ಹೆಸರು, ಮನೆ ಎಲ್ಲಿ, ತೂಕ, ತಾರೀಖು.

ಮಗುವಿನ ಹೆಸರೆಂದರೆ ಏನು? ನಮ್ಮಲ್ಲಿ ಮಗುವನ್ನು ಹೊರಗೆ ತಂದು ಹೆಸರಿಡುವುದು ಎಂಟನೇ ದಿನ. ಅಲ್ಲಿಯವರೆಗೆ ಅದಕ್ಕೆ ಹುಟ್ಟಿದ ವಾರದ ಹೆಸರೊಂದೇ; ಶುಕ್ರವಾರ ಹುಟ್ಟಿದ ಗಂಡೆಲ್ಲ ಕೋಫಿ. ವೋಫಾ ಬರೆದದ್ದೂ ಅದನ್ನೇ.

"ಇದೂ ಒಂದು ದಾಖಲೆನಾ ವೋಫಾ?" ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ. "ಸಾವಿರ ಕೋಫಿ, ಸಾವಿರ ಅಮಾ! ಪೇಟೇಲಿ ನಿಂತು ಕೋಫಿ ಅಂತ ಕೂಗಿದ್ರೆ ಅರ್ಧ ಪೇಟೆ ತಿರುಗುತ್ತೆ."

"ಎಂಟನೇ ದಿನ ಏನು ಹೆಸರಿಟ್ರು ಅಂತ ಯಾರೂ ಬಂದು ನನಗೆ ಹೇಳಲ್ಲ ಮಾಮೆ ಕೊನಾಡು. ನನಗೆ ಗೊತ್ತಿರೋದನ್ನ ಬರೀತೀನಿ."

ಅಷ್ಟೇ ಅವರ ವಾದ. ಮುಸಲ್ಮಾನರ ಝೊಂಗೊ ಬೀದಿಯ ಹಾಜಿಯ ಮೊಮ್ಮಗನನ್ನೂ ಎಂಟು ದಿನದ ಮಟ್ಟಿಗೆ ಕೋಫಿ ಮಾಡಿದ ಮನುಷ್ಯ ಅವರು.

ಎರಡು ಸಾವಿರದ ಹತ್ತೊಂಬತ್ತರ ಹೊತ್ತಿಗೆ ಆ ಕಂಪ್ಯೂಟರು ಕೆಮ್ಮಲು ಶುರುಮಾಡಿತು. ಫ್ರಿಂಪೊಮಾ ತೀರಿಕೊಂಡು ಮಗಳು ಹೆರಿಗೆ ಮನೆ ವಹಿಸಿಕೊಂಡಿದ್ದಳು. ಅವಳು ಹೊಸ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, "ವೋಫಾ, ಹಳೇದರಲ್ಲಿ ಇರೋದನ್ನೆಲ್ಲ ಇದರ ಸ್ಪ್ರೆಡ್‌ಶೀಟಿಗೆ ಹಾಕಿ. ಜನನ ನೋಂದಣಿ ಕಚೇರಿಯವರು ಕೇಳ್ತಿದಾರೆ. ಆಗ ಯಾವ ಯಾವ ಮಕ್ಕಳ ಹುಟ್ಟು ಬರೆಸಿಲ್ವೋ, ಅವರಿಗೆಲ್ಲ ಈಗ ಪತ್ರ ಕೊಡ್ತಾರಂತೆ" ಎಂದಳು.

ಹಳೆಯ ಡೇಟಾಬೇಸಿಗೆ ಹೊಸ ಸ್ಪ್ರೆಡ್‌ಶೀಟಿನ ಭಾಷೆ ಬಾರದು. ಇಬ್ಬರಿಗೂ ಬರುವುದು ಸಾದಾ ಅಕ್ಷರದ ಫೈಲ್ ಒಂದೇ. ಒಂದೊಂದು ವಿವರದ ನಡುವೆ ಒಂದೊಂದು ಗುರುತು ಹಾಕಿ, ಸಾಲಿಗೆ ಸಾಲು ಬರೆದದ್ದು. ಹಳೆಯದು ತಾನಾಗಿ ಕಾಮಾ ಹಾಕಿ ಕೊಟ್ಟಿತು. ವೋಫಾ ಅದನ್ನು ಫ್ಲಾಪಿಯಲ್ಲಿ ತುಂಬಿ, ಕುಮಾಸಿಯಿಂದ ಫ್ಲಾಪಿ ಓದುವ ಪೆಟ್ಟಿಗೆ ತರಿಸಿ, ಲ್ಯಾಪ್‌ಟಾಪಿಗೆ ಇಳಿಸಿದರು. ಮರುದಿನ ಬೆಳಿಗ್ಗೆ ಗಂಜಿ ಮುಟ್ಟದೆ ಕೂತಿದ್ದರು.

"ಏನಾಯ್ತು?"

"ಮಗು ತೂಕದ ಜಾಗದಲ್ಲಿ 'ನೀಲಿ ಬಾಗಿಲು' ಅಂತ ಬಂದಿದೆ."

"ಅಷ್ಟು ತೂಕ ಇದ್ರೆ ಹೆತ್ತವಳ ಗತಿ ಏನಪ್ಪ!" ಎಂದಳು ಅವ್ವ.

ತಪ್ಪು ಅವರದೇ. ನಮ್ಮೂರಲ್ಲಿ ಮನೆಗೆ ನಂಬರು ಎಲ್ಲಿಯದು? ವೋಫಾ ಇಪ್ಪತ್ತೆಂಟು ವರ್ಷವೂ ವಿಳಾಸದ ಜಾಗದಲ್ಲಿ, 'ಜೋಳದ ಗಿರಣಿ ಹಿಂದೆ, ನೀಲಿ ಬಾಗಿಲು, ಕೆಂಕೆ ಕಡುಬು ಮಾರುವವಳನ್ನು ಕೇಳಬೇಕು' ಎಂದು ಶಿಸ್ತಾಗಿ ಕಾಮಾ ಹಾಕಿ ಬರೆದಿದ್ದರು. ಪ್ರತಿ ಕಾಮಾ ಬಂದಲ್ಲೂ ಸ್ಪ್ರೆಡ್‌ಶೀಟ್ ಹೊಸ ಕಾಲಂಗೆ ಜಿಗಿದಿತ್ತು. ನೀಲಿ ಬಾಗಿಲು ತೂಕವಾಯಿತು, ಕೆಂಕೆ ಮಾರುವವಳು ಹುಟ್ಟಿದ ತಾರೀಖಾದಳು.

ಎರಡನೇ ಸಲ ಅವರು ಜಾಣರಾದರು. ಇಡೀ ಟೆಚಿಮನ್‌ನಲ್ಲಿ ಯಾರೂ ಯಾವತ್ತೂ ಬರೆಯದ ಗುರುತು ಯಾವುದೆಂದು ಯೋಚಿಸಿ, ಒಂಟಿ ನೆಟ್ಟಗೆರೆಯೊಂದನ್ನು ಆರಿಸಿದರು. ಹಳೆಯ ಡೇಟಾಬೇಸಿಗೆ ಕಾಮಾ ಬದಲು ಆ ಗೆರೆ ಹಾಕೆಂದರು, ಹೊಸದಕ್ಕೆ ಆ ಗೆರೆ ಬಂದಲ್ಲಷ್ಟೇ ಕತ್ತರಿಸೆಂದರು. ಕಾರ್ಡಿನ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಸ್ಪ್ರೆಡ್‌ಶೀಟ್ ನುಂಗುತ್ತಿತ್ತು. ಇದು ಅಂಕಿಯಲ್ಲ, ಬರಹ ಎಂದು ಅದಕ್ಕೆ ತಿಳಿಹೇಳಿದರು. ಒಂಬತ್ತು ಸಾವಿರದ ನಾನೂರ ಹನ್ನೆರಡು ಸಾಲು ಅಚ್ಚುಕಟ್ಟಾಗಿ ಬಂದು ಕೂತವು. ತಾರೀಖಿನ ಕಾಲಂ ನೋಡಿ ಸ್ಪ್ರೆಡ್‌ಶೀಟ್ ಇದು ತಾರೀಖೆಂದು ತಾನೇ ಗುರುತಿಸಿತು. ಕೆಲವನ್ನು ಮಾತ್ರ ಗುರುತಿಸದೆ ಎಡಕ್ಕೆ ತಳ್ಳಿತ್ತು: ಮೂರನೇ ತಿಂಗಳ ಇಪ್ಪತ್ತೈದನ್ನು ಯಾರೋ ತಿಂಗಳು ಮೊದಲು, ದಿನ ಆಮೇಲೆ ಬರೆದಿದ್ದರು. ಇಪ್ಪತ್ತೈದನೇ ತಿಂಗಳು ಎಲ್ಲಿದೆ? ವೋಫಾ ಅಂಥವನ್ನು ಕೈಯಲ್ಲೇ ತಿದ್ದಿ, ಫೈಲನ್ನು ಜೂನ್‌ನಲ್ಲಿ ಕಚೇರಿಗೆ ಕಳಿಸಿದರು. ಅವತ್ತು ಗಂಜಿಗೆ ಎರಡು ಕೋಸೆ ಜಾಸ್ತಿ ತಿಂದರು.

ಇಲ್ಲಿಯವರೆಗಿನದೆಲ್ಲ ನನಗೆ ತಮಾಷೆ. ಆಗಸ್ಟ್‌ನಲ್ಲಿ ಅದು ನನ್ನ ಮನೆಯೊಳಗೇ ಬಂತು.

ಅಮಾ ಪೊಕುವಾ ನನ್ನ ತಂಗಿಯ ಮಗಳು. ನಮ್ಮ ರೂಢಿಯಲ್ಲಿ ನನ್ನ ಮಗಳೇ. ಅವಳು ನಾಲ್ಕು ವರ್ಷದವಳಿದ್ದಾಗ ತಂಗಿ ತೀರಿಕೊಂಡಳು. ಅದಕ್ಕೂ ಮೊದಲೇ ತಂಗಿಯ ಕೋಣೆಗೆ ಬೆಂಕಿ ಬಿದ್ದು ಮಗುವಿನ ಕಾರ್ಡು, ಕಾಗದ ಎಲ್ಲ ಸುಟ್ಟಿತ್ತು. ಹೆರಿಗೆಯ ದಿನ ನಾನು ಬಟ್ಟೆ ಕೊಳ್ಳಲು ಲೋಮೆಗೆ ಹೋಗಿದ್ದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಕೇಳಿದರು. ಎಲ್ಲರ ಹಾಗೆ ನಾನೂ ಜನವರಿ ಒಂದು ಎಂದೆ. ಆ ತರಗತಿಯಲ್ಲಿ ಜನವರಿ ಒಂದರಂದೇ ಹುಟ್ಟಿದವರು ಹದಿನೇಳು ಮಕ್ಕಳಿದ್ದರು. ಅಷ್ಟು ಹೆರಿಗೆ ಒಂದೇ ದಿನ ಆಗಿದ್ದರೆ ನನ್ನ ಅಂಗಡಿ ಅವತ್ತೇ ಎರಡಂತಸ್ತಾಗುತ್ತಿತ್ತು.

ಹುಡುಗಿಗೆ ದಾದಿಯರ ತರಬೇತಿ ಶಾಲೆಯಲ್ಲಿ ಜಾಗ ಸಿಕ್ಕಿತು. ಸಿಕ್ಕಿದ್ದು ಸುಮ್ಮನಲ್ಲ, ಎರಡು ವರ್ಷ ಅಂಗಡಿಯಲ್ಲಿ ಬೇಸಿನ್ನುಗಳ ಹಿಂದೆ ಕೂತು ಓದಿದ್ದಾಳೆ, ಗಿರಾಕಿ ಕರೆದರೆ ಕೇಳಿಸುತ್ತಿರಲಿಲ್ಲ. ಶಾಲೆಯ ಷರತ್ತು ಒಂದೇ: ಅಕ್ಟೋಬರ್ ಒಂದಕ್ಕೆ ಹದಿನೆಂಟು ತುಂಬಿರಬೇಕು, ಜನನ ಪತ್ರ ತರಬೇಕು. ಜನವರಿ ಒಂದನ್ನು ಅವರು ಒಪ್ಪುವುದಿಲ್ಲ. ಪತ್ರ ತಲುಪಿಸಲು ಉಳಿದದ್ದು ಒಂಬತ್ತು ದಿನ.

ಅಮಾ ನೋಂದಣಿ ಕಚೇರಿಗೆ ಹೋಗಿ, ವೋಫಾ ಕಳಿಸಿದ ಫೈಲಿನಿಂದ ಪತ್ರ ಪಡೆದು, ಬೆಂಚಿನ ಮೇಲೆ ಬಂದು ಕೂತಳು.

"ಮಾಮೆ, ನಾನು ಹುಟ್ಟಿದ್ದು ಎರಡು ಸಾವಿರದ ಒಂದು, ಅಕ್ಟೋಬರ್ ಮೂರಂತೆ."

"ಅಂದ್ರೆ?"

"ಅಂದ್ರೆ ಎರಡು ದಿನ ಚಿಕ್ಕವಳು. ಶಾಲೆಗೆ ಫೋನ್ ಮಾಡ್ದೆ. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೀ ಅಂದ್ರು."

ಎರಡು ದಿನ! ಹೆರಿಗೆ ನೋವೇ ಕೆಲವರಿಗೆ ಎರಡು ದಿನ ಇರುತ್ತದೆ. ನಾನು ರಸ್ತೆ ದಾಟಿ ವೋಫಾರ ಮೇಜಿನ ಮುಂದೆ ನಿಂತೆ. ಅವರು ಸ್ಪ್ರೆಡ್‌ಶೀಟ್ ತೆರೆದು ತೋರಿಸಿದರು. ಅಮಾ, ತಾಯಿ ಪೊಕುವಾ, ಗಿರಣಿ ಹಿಂದೆ, ಮೂರು ಹತ್ತು ಎರಡು ಸಾವಿರದ ಒಂದು.

ನಾನು ವ್ಯಾಪಾರದವಳು. ದನಿ ತಗ್ಗಿಸಿ ಹೇಳಿದೆ: "ವೋಫಾ, ಎರಡಂಕಿ ತಾನೆ. ಮೂರಿದ್ದಲ್ಲಿ ಹತ್ತು, ಹತ್ತಿದ್ದಲ್ಲಿ ಮೂರು. ಒಂದು ಬೆರಳಿನ ಕೆಲಸ. ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ಹುಡುಗಿ ವರ್ಷ ಹಾಳಾಗುತ್ತೆ."

"ಗೊತ್ತು. ಆದ್ರೆ ಗೊತ್ತಿಲ್ಲದೆ ನಾನು ತಿದ್ದಲ್ಲ ಮಾಮೆ. ಇವಳ ಒಬ್ಬಳದನ್ನ ಅಂಗಡಿಯವಳು ಹೇಳಿದ್ಲು ಅಂತ ತಿದ್ದಿದ್ರೆ, ಉಳಿದೋರು ಬಂದು ನಮ್ದೂ ತಿದ್ದಿ ಅಂದಾಗ ನಾನೇನು ಹೇಳ್ಲಿ? ಆಮೇಲೆ ಈ ಫೈಲು ಯಾರಿಗೆ ಬೇಕು?"

"ನಿಮ್ಮ ಫೈಲನ್ನ ಕಟ್ಕೊಂಡು ಕುಣೀರಿ!" ಎಂದು ಬಂದುಬಿಟ್ಟೆ. ಅವತ್ತು ನಾನು ಆಡಿದ ಇನ್ನೂ ನಾಲ್ಕು ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅವರು ಬೆಂಚಿಗೆ ಬಂದರು. ನಾನು ಬೇಸಿನ್ನುಗಳನ್ನು ಬೇಕಿಲ್ಲದಿದ್ದರೂ ಸದ್ದು ಮಾಡಿ ಜೋಡಿಸಿದೆ. ಅವ್ವನಿಗೆ ಸುದ್ದಿ ಆಗಷ್ಟೇ ಗೊತ್ತಾಗುತ್ತಿತ್ತು.

"ಏನಂತೆ ನಮ್ಮ ಅಮಾಂದು?"

"ಅಕ್ಟೋಬರ್ ಮೂರಕ್ಕೆ ಹುಟ್ಟಿದ್ದಂತೆ, ನಾನಾ" ಎಂದರು ವೋಫಾ, ಗಂಜಿಯೊಳಗೆ ನೋಡುತ್ತ.

ನಾನು, ಅಮಾ, ಶಾಲೆಯವರು, ಕಚೇರಿಯವರು, ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವ್ವ ಕೇಳಿದಳು. ಅವಳಿಗೆ ಬೇರೆ ಪ್ರಶ್ನೆ ಬರುವುದೂ ಇಲ್ಲ.

"ಅದು ಯಾವ ವಾರ?"

ವೋಫಾ ಜೇಬಿನಿಂದ ಫೋನ್ ತೆಗೆದು, ಕ್ಯಾಲೆಂಡರ್ ಹಿಂದಕ್ಕೆ ಹಿಂದಕ್ಕೆ ತಳ್ಳಿ ನೋಡಿದರು. "ಬುಧವಾರ."

"ಹಾಗಾದ್ರೆ ಅದು ಬೇರೆ ಯಾರದೋ ಮಗು" ಎಂದು ಅವ್ವ ಕೋಸೆ ಮುರಿದಳು. "ಬುಧವಾರದ್ದಾಗಿದ್ರೆ ಅಕುವಾ ಅಂತಿದ್ವಿ. ನಮ್ಮದು ಅಮಾ. ಶನಿವಾರದ್ದು. ನಾನೇ ಎತ್ಕೊಂಡಿದ್ದೆ, ನನಗೆ ಗೊತ್ತಿಲ್ವಾ? ನಿನ್ನ ಪೆಟ್ಟಿಗೆಗೆ ಹೇಳು, ಮಗು ಅದಲುಬದಲಾಗಿದೆ ಅಂತ."

ವೋಫಾ ನಗಲಿಲ್ಲ. ಗಂಜಿಯ ಬಟ್ಟಲನ್ನು ಬೆಂಚಿನ ಮೇಲಿಟ್ಟರು. ಮತ್ತೆ ಫೋನ್ ತಳ್ಳಿದರು. "ಮಾರ್ಚ್ ಹತ್ತು..." ಎಂದು ಗೊಣಗಿ, "ಶನಿವಾರ" ಎಂದರು. ಆಮೇಲೆ ಎದ್ದು ಓಡಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊಕ್ಕರೆ ಓಡಿದ ಹಾಗಿತ್ತು.

ನಾನು ಹಿಂದೆಯೇ ಹೋದೆ. ಅವರು ಕುರ್ಚಿಯಲ್ಲಿ ಕೂತು ಹಣೆ ಹಿಡಿದುಕೊಂಡಿದ್ದರು.

"ಸಿಸ್ಟರ್ ಲೊರೇನ್ ನೆನಪಿದಾಳಾ?"

ಯಾಕಿಲ್ಲ? ಎರಡು ಸಾವಿರದಿಂದ ಎರಡು ವರ್ಷ ಅಮೆರಿಕದಿಂದ ಬಂದು ಹೆರಿಗೆ ಮನೆಯಲ್ಲಿ ದುಡಿದವಳು. ಒಳ್ಳೆಯ ಹೆಂಗಸು. ಕೆಂಕೆಯ ಹುಳಿಗೆ ಮುಖ ಗಂಟಿಕ್ಕುತ್ತಲೇ ಇನ್ನೊಂದು ಕೊಡಿ ಎನ್ನುತ್ತಿದ್ದಳು.

"ಆ ಎರಡು ವರ್ಷ ಕಂಪ್ಯೂಟರಿಗೆ ಹಾಕಿದ್ದು ನಾನು ಮತ್ತೆ ಅವಳು. ನಾನು ದಿನ ಮೊದಲು ಹಾಕ್ತೀನಿ, ಅವಳ ದೇಶದೋರು ತಿಂಗಳು ಮೊದಲು ಹಾಕ್ತಾರೆ. ಅವಳು ಹಳೇ ಕಾರ್ಡುಗಳನ್ನೂ ಹಾಕಿದಾಳೆ, ಹಾಗಾಗಿ ಅವಳ ಸಾಲುಗಳು ಎಲ್ಲ ಕಡೆ ಚದುರಿವೆ. ಅಮಾಂದು ಅವಳು ಬರೆದದ್ದು. ಮೂರನೇ ತಿಂಗಳು, ಹತ್ತನೇ ತಾರೀಖು. ಸ್ಪ್ರೆಡ್‌ಶೀಟ್ ಅದನ್ನ ಮೂರನೇ ತಾರೀಖು, ಹತ್ತನೇ ತಿಂಗಳು ಅಂತ ಓದ್ಕೊಂಡಿದೆ. ಇಪ್ಪತ್ತೈದನೇ ತಿಂಗಳು ಅಂತ ಬಂದಾಗ ಅದು ಕೂಗಿತು, ನಾನು ತಿದ್ದಿದೆ. ಹತ್ತನೇ ತಿಂಗಳು ಇರುತ್ತಲ್ಲ, ಹಾಗಾಗಿ ಸುಮ್ಮನೆ ನುಂಗ್ತು. ನಾನೂ ನೋಡ್ಲಿಲ್ಲ."

"ಹಾಗಾದ್ರೆ ಈಗ ತಿದ್ದಬಹುದಲ್ಲ!"

"ಒಂದನ್ನಲ್ಲ ಮಾಮೆ. ಎಲ್ಲಾನೂ."

ನೋಂದಣಿ ಕಚೇರಿಯ ಅಧಿಕಾರಿ ಮೇಡಂ ಟಾವಿಯಾ ಕೂಡ ಅದನ್ನೇ ಹೇಳಿದರು. ಅವರು ಕೆಟ್ಟವರಲ್ಲ, ಎಚ್ಚರಿಕೆಯವರು. "ಒಂದು ತಾರೀಖು ತಪ್ಪು ಅಂದ ಮೇಲೆ ಉಳಿದವು ಎಷ್ಟು ಸರಿ ಅಂತ ನಾನು ಹೇಗೆ ತಿಳ್ಕೊಳ್ಳಲಿ ವೋಫಾ? ಪ್ರತಿ ಸಾಲಿಗೂ ಇದು ಇಂಥ ಕಾರಣಕ್ಕೆ ಇಂಥ ದಿನ ಅಂತ ತೋರಿಸೋ ಫೈಲು ತನ್ನಿ. ಅವತ್ತೇ ಹುಡುಗಿಗೆ ಹೊಸ ಪತ್ರ ಕೊಡ್ತೀನಿ."

ಉಳಿದದ್ದು ಎಂಟು ದಿನ. ಒಂಬತ್ತು ಸಾವಿರ ಸಾಲು. ನಾನು ಕೈಚೆಲ್ಲಿದೆ. ವೋಫಾ ಅಂಗಿಯ ತೋಳು ಮಡಿಚಿದರು. ಅದನ್ನೂ ನಾನು ಮೊದಲ ಸಲ ನೋಡಿದ್ದು.

ಹಳೆಯ ಫೈಲನ್ನು ಮತ್ತೆ ಮೊದಲಿನಿಂದ ತಂದರು. ಈ ಸಲ ಸ್ಪ್ರೆಡ್‌ಶೀಟಿಗೆ ಜಾಣತನ ತೋರಿಸಲು ಬಿಡಲಿಲ್ಲ; ತಾರೀಖನ್ನೂ ಬರಹವೆಂದೇ ಇಳಿಸಿ, ಮೂರು ತುಂಡು ಮಾಡಿ ಮೂರು ಕಾಲಂನಲ್ಲಿ ಇಟ್ಟರು. ಪಕ್ಕದಲ್ಲಿ ಎರಡು ಹೊಸ ಕಾಲಂ: ದಿನ ಮೊದಲೆಂದು ಓದಿದರೆ ಯಾವ ವಾರ ಬರುತ್ತದೆ, ತಿಂಗಳು ಮೊದಲೆಂದು ಓದಿದರೆ ಯಾವ ವಾರ ಬರುತ್ತದೆ. ಇನ್ನೊಂದೆಡೆ ಮಗುವಿನ ಹೆಸರು ಇದ್ದೇ ಇದೆ. ಗಂಡಿಗೆ ಏಳು, ಹೆಣ್ಣಿಗೆ ಏಳು, ಹದಿನಾಲ್ಕು ಹೆಸರಿನ ಪಟ್ಟಿ ಮಾಡಿದರು. ಎರಡರಲ್ಲಿ ಯಾವ ವಾರ ಹೆಸರಿಗೆ ಹೊಂದುತ್ತದೋ ಆ ತಾರೀಖು ನಿಜ. ನಾನು ಸಾವಿರ ಕೋಫಿ, ಸಾವಿರ ಅಮಾ ಎಂದು ನಕ್ಕಿದ್ದೆನಲ್ಲ, ಅದೇ ಹೆಸರುಗಳು ಈಗ ಕೆಲಸಕ್ಕೆ ಬಂದವು.

ಹದಿನಾಲ್ಕು ಹೆಸರು ಹದಿನಾಲ್ಕಾಗಿ ಉಳಿಯಲಿಲ್ಲ. ದಾದಿಯರು ಒಬ್ಬೊಬ್ಬರು ಒಂದೊಂದು ಕಡೆಯವರು. ಕರಾವಳಿಯವಳು ಅವಳೂರಿನ ಹಾಗೆ ಕರೆದಿದ್ದಾಳೆ, ಕುಮಾಸಿಯವಳು ಅವಳ ಹಾಗೆ. ವೋಫಾ ಲ್ಯಾಪ್‌ಟಾಪನ್ನು ಬೆಂಚಿಗೇ ಹೊತ್ತು ತಂದರು.

"ನಾನಾ, ಎಬೊ ಅಂದ್ರೆ?"

"ಕರಾವಳಿ ಕಡೆ ಮಂಗಳವಾರದ ಗಂಡು. ನಮ್ಮ ಕ್ವಾಬೆನಾ ಇದಾನಲ್ಲ, ಅವನೇ, ಮೀನು ತಿಂದು ಬೆಳೆದಿರ್ತಾನೆ ಅಷ್ಟೆ."

"ಎಸಿ?"

"ಭಾನುವಾರದ ಹೆಣ್ಣು. ಅಕೊಸುವಾ. ಇಷ್ಟೂ ಗೊತ್ತಿಲ್ವಾ? ಆ ಪುಸ್ತಕ ಓದಿ ಏನು ಮಾಡ್ದೆ ನೀನು?"

ಹೀಗೆ ಎರಡು ಬೆಳಿಗ್ಗೆ. ಅವ್ವ ಹೇಳುವುದು, ವೋಫಾ ಪಟ್ಟಿಗೆ ಸೇರಿಸುವುದು, ಅಮಾ ಪಕ್ಕದಲ್ಲಿ ಕೂತು ಸಾಲುಗಳನ್ನು ಓದಿ ಹೇಳುವುದು. ಹುಡುಗಿ ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ತನ್ನ ಸಾಲು ಬಂದಾಗ ಮಾತ್ರ ಅದನ್ನು ಎರಡು ಸಲ ಓದಿದಳು. ದಿನ ಮೊದಲೆಂದು ಓದಿದರೆ ಬುಧವಾರ. ತಿಂಗಳು ಮೊದಲೆಂದು ಓದಿದರೆ ಶನಿವಾರ. ಹೆಸರು: ಅಮಾ.

"ಮುಂದೆ ಓದು" ಎಂದರು ವೋಫಾ, ತಲೆ ಎತ್ತದೆ.

ಆರನೇ ದಿನ ಕೆಲಸ ಮುಗಿಯಿತು. ದಿನದ ಅಂಕಿ ಹನ್ನೆರಡು ದಾಟಿದ ಸಾಲುಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅನುಮಾನದವು ಮೂರು ಸಾವಿರದ ಮುನ್ನೂರ ಎಂಬತ್ತೆಂಟು. ಅದರಲ್ಲಿ ಮೂರು ಸಾವಿರದ ಎಪ್ಪತ್ತೇಳನ್ನು ಮಕ್ಕಳ ಹೆಸರೇ ತೀರ್ಮಾನ ಮಾಡಿತ್ತು. ಉಳಿದ ಮುನ್ನೂರ ಹನ್ನೊಂದರಲ್ಲಿ ಹೇಗೆ ಓದಿದರೂ ಅದೇ ವಾರ ಬರುತ್ತಿತ್ತು. ಜುಲೈ ಹನ್ನೊಂದೂ ನವೆಂಬರ್ ಏಳೂ ಯಾವ ವರ್ಷ ನೋಡಿದರೂ ಒಂದೇ ವಾರವಂತೆ. ಅಂಥ ಸಾಲುಗಳ ತಾರೀಖನ್ನು ವೋಫಾ ಖಾಲಿ ಬಿಟ್ಟರು. ಗೊತ್ತಿಲ್ಲದ್ದನ್ನು ಅವರು ಬರೆಯುವವರಲ್ಲ.

ಮೇಡಂ ಟಾವಿಯಾ ಫೈಲನ್ನು ಸುಲಭಕ್ಕೆ ಒಪ್ಪಲಿಲ್ಲ. ಹುಟ್ಟಿದಾಗಲೇ ಬರೆಸಿದ ಮಕ್ಕಳಿರುವ ತಮ್ಮ ದೊಡ್ಡ ರಿಜಿಸ್ಟರು ತೆರೆದು, ಅಬೊಟಾರೆಯಲ್ಲಿ ಹುಟ್ಟಿದ ಇಪ್ಪತ್ತು ಮಕ್ಕಳನ್ನು ಅಲ್ಲೊಬ್ಬರು ಇಲ್ಲೊಬ್ಬರಂತೆ ಆರಿಸಿದರು. ಅವರು ತಾಯಿಯ ಹೆಸರು ಹೇಳಬೇಕು, ವೋಫಾ ತಾರೀಖು ಹೇಳಬೇಕು. ಮೊದಲನೆಯದು ಹೊಂದಿತು. ಐದನೆಯದು ಹೊಂದಿತು. ಹನ್ನೊಂದನೆಯದಕ್ಕೆ ನಾನು ಅಮಾಳ ಕೈ ಎಷ್ಟು ಜೋರಾಗಿ ಹಿಡಿದಿದ್ದೆನೆಂದರೆ ಅವಳು, "ಮಾಮೆ, ಬೆರಳು ಬೇಕು ನನಗೆ, ಇಂಜೆಕ್ಷನ್ ಕೊಡೋಕೆ" ಎಂದಳು. ಇಪ್ಪತ್ತನೆಯದೂ ಹೊಂದಿತು.

ಮೇಡಂ ಕನ್ನಡಕ ತೆಗೆದರು. "ನಿಮ್ಮ ಹೆಸರೂ ಕ್ವಾಕು ಅಲ್ವಾ ವೋಫಾ. ನಿಜವಾಗ್ಲೂ ಬುಧವಾರದವರೇನಾ, ಇಲ್ಲ ಅದನ್ನೂ ನೋಡ್ಬೇಕಾ?"

"ನಮ್ಮಮ್ಮ ಸುಳ್ಳು ಹೇಳ್ತಿರ್ಲಿಲ್ಲ ಮೇಡಂ."

ಅವರು ನಕ್ಕು ಹೊಸ ಪತ್ರಕ್ಕೆ ಮುದ್ರೆ ಒತ್ತಿದರು. ಅಮಾ ಪೊಕುವಾ, ಹತ್ತು ಮಾರ್ಚ್, ಎರಡು ಸಾವಿರದ ಒಂದು. ಗಡುವಿಗೆ ಎರಡು ದಿನ ಮೊದಲೇ ಪತ್ರ ಶಾಲೆಗೆ ತಲುಪಿತು. ಅದೇ ವಾರ ಇನ್ನೂ ಹನ್ನೆರಡು ಮಂದಿಯನ್ನು ಕರೆಸಿ ಕಚೇರಿಯವರು ಪತ್ರ ಬದಲಿಸಿಕೊಟ್ಟರು. ಅವರಲ್ಲಿ ಅರ್ಧ ಜನಕ್ಕೆ ತಮ್ಮ ತಾರೀಖು ತಪ್ಪಾಗಿತ್ತೆಂದೇ ಗೊತ್ತಿರಲಿಲ್ಲ.

ನಮ್ಮಲ್ಲಿ ದೊಡ್ಡ ಉಪಕಾರಕ್ಕೆ ಒಬ್ಬರೇ ಹೋಗಿ ಥ್ಯಾಂಕ್ಸ್ ಹೇಳಿದರೆ ಅದು ಕಳ್ಳನ ಥ್ಯಾಂಕ್ಸು. ಮರುದಿನ ಬೆಳಿಗ್ಗೆಯೇ, ನೆಂಟರು ಬಂಧುಗಳು ನಾಲ್ಕು ಜನರನ್ನು ಕರೆದುಕೊಂಡು, ನನ್ನ ಪರವಾಗಿ ನೀವೂ ಹೇಳಿ ಎಂದು ಕೇಳಿಕೊಂಡು ಹೋಗಬೇಕು. ನಾನು ಅಂಗಡಿಯಲ್ಲೇ ಒಳ್ಳೆಯ ಬಟ್ಟೆ ಆರಿಸಿದೆ. ಚೌಕಾಸಿಗೆ ಎಡೆಯೇ ಕೊಡಬಾರದೆಂದು ಸುತ್ತಿ ಕಟ್ಟಿಬಿಟ್ಟೆ. ಒಂದು ಹೊರೆ ಹೆಗ್ಗೆಣಸು, ಒಂದು ಬುಟ್ಟಿ ಮೊಟ್ಟೆ. ಅವ್ವನನ್ನು ಗಾಡಿಯಲ್ಲಿ ಕೂರಿಸಿದೆವು. ಗಂಜಿಯವಳು ತಾನೂ ಬರುತ್ತೇನೆಂದಳು. ಅವಳ ಮಗನ ಪತ್ರವೂ ಬದಲಾಗಿತ್ತು.

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹಿಂದಿನ ವಾರ ಆಡಿದ ನಾಲ್ಕು ಮಾತಿಗೂ ಅದರಲ್ಲಿ ಜಾಗವಿತ್ತು. ವೋಫಾರ ಮನೆಯ ಹೊಸಿಲು ದಾಟಿ, ಬಾಗಿ, ಎರಡು ಕೈ ಮುಂದೆ ಮಾಡಿ, "ವೋಫಾ, ನೀವು ನನ್ನ ಮಗಳಿಗೆ..." ಎಂದು ಶುರುಮಾಡಿದೆ.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು ವೋಫಾ. ಮೇಜಿನ ತುಂಬ ಮುದ್ರಿಸಿದ ಹಾಳೆಗಳಿದ್ದವು. "ಅದನ್ನ ಆಮೇಲೆ ಹೇಳಿ. ಇಷ್ಟು ಜನ ಹೆಂಗಸರು ಒಟ್ಟಿಗೆ ಬಂದಿದ್ದು ಒಳ್ಳೇದಾಯ್ತು. ಈ ಮುನ್ನೂರ ಹನ್ನೊಂದು ಮಕ್ಕಳಲ್ಲಿ ಯಾರ್ಯಾರು ನಿಮಗೆ ಗೊತ್ತು ನೋಡಿ. ತಾಯಂದಿರು ನೆನಪಿನಿಂದ ಹೇಳಿ ಹೆಬ್ಬೆಟ್ಟು ಒತ್ತಿದ್ರೂ ಸಾಕು ಅಂತ ಮೇಡಂ ಹೇಳಿದಾರೆ."

ಬಟ್ಟೆಯ ಗಂಟನ್ನು ಅವರು ನೋಡಲೂ ಇಲ್ಲ. ಅಮಾ ಹಾಳೆ ಎತ್ತಿಕೊಂಡು ಓದಿದಳು: "ಅಬೆನಾ, ತಾಯಿ ಸೆರ್ವಾ, ಲಾರಿ ನಿಲ್ದಾಣದ ಎದುರು. ಜುಲೈ ಹನ್ನೊಂದೋ ನವೆಂಬರ್ ಏಳೋ."

"ಸೆರ್ವಾ ನನಗೆ ಗೊತ್ತು" ಎಂದಳು ಅವ್ವ. "ಆ ಬಾಣಂತಿಗೆ ನಾನೇ ಸಾರು ಮಾಡಿಕೊಟ್ಟಿದ್ದೆ. ಹೊಸ ಗೆಣಸು ಇನ್ನೂ ಪೇಟೆಗೆ ಬಂದಿರ್ಲಿಲ್ಲ, ಹಳೇ ಗೆಣಸು ಬೇಯ್ತಾನೇ ಇರ್ಲಿಲ್ಲ ಅಂತ ಬೈಕೊಂಡಿದ್ದೆ."

"ಹಾಗಾದ್ರೆ ಜುಲೈ. ನವೆಂಬರ್ ಹೊತ್ತಿಗೆ ಪೇಟೆ ತುಂಬ ಹೊಸ ಗೆಣಸೇ ಇರುತ್ತಲ್ಲ" ಎಂದರು ವೋಫಾ. "ಆದ್ರೂ ಸೆರ್ವಾನ್ನೇ ಕೇಳ್ಬೇಕು."

"ನಾನು ಕೇಳ್ಕೊಂಡು ಬರ್ತೀನಿ" ಎಂದು ಅಮಾ ಎದ್ದಳು. ಥ್ಯಾಂಕ್ಸ್ ಹೇಳಲು ಹೋದವರು ಮಧ್ಯಾಹ್ನದವರೆಗೆ ಹಾಳೆ ಹಿಡಿದು ಕೂತೆವು. ತಂದ ಮೊಟ್ಟೆಯನ್ನು ನಾವೇ ಬೇಯಿಸಿ ತಿಂದೆವು.

ಶಾಲೆಗೆ ಹೊರಡುವವರೆಗೂ ಅಮಾ ಸಂಜೆ ಸಂಜೆ ಆ ಪಟ್ಟಿ ಹಿಡಿದು ಬಾಗಿಲು ಬಾಗಿಲು ಸುತ್ತಿದಳು. ಅಕ್ಟೋಬರ್‌ನಲ್ಲಿ ಪೆಟ್ಟಿಗೆ ಹೊತ್ತು ಬಸ್ಸು ಹತ್ತುವಾಗ ಇನ್ನೂ ನಲವತ್ತೆರಡು ಹೆಸರು ಉಳಿದಿದ್ದವು. ಹಾಳೆಯನ್ನು ನನ್ನ ಕೈಗಿಟ್ಟಳು. "ನಿಮ್ಮ ಅಂಗಡಿಗೆ ಬರದ ತಾಯಿ ಇದಾಳಾ ಮಾಮೆ?" ಎಂದಳು.

ನಿಜ, ಇಲ್ಲ. ಮೊನ್ನೆ ಒಬ್ಬಳು ಎರಡನೇ ಮೊಮ್ಮಗುವಿಗೆ ಬೇಸಿನ್ನು ಕೊಳ್ಳಲು ಬಂದು, ಬೆಲೆ ಕೇಳಿದಳು.

"ಬೆಲೆ ಇರ್ಲಿ. ನಿಮ್ಮ ದೊಡ್ಡ ಹುಡುಗ ಕೋಜೋ ಹುಟ್ಟಿದಾಗ ಹೊಸ ಗೆಣಸು ಬಂದಿತ್ತಾ?" ಎಂದೆ.

"ನಿಮಗ್ಯಾಕೆ ಅದು?"

"ನನಗಲ್ಲ, ವೋಫಾ ಡ್ವೊಮೊಗೆ. ಮೊದಲು ಅದನ್ನ ಹೇಳಿ, ಬೇಸಿನ್ನಿನ ಬೆಲೆ ಆಮೇಲೆ ಇಳಿಸ್ತೀನಿ."

ಅವಳು ಬೇಸಿನ್ನು ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಲೆಕ್ಕ ಹಾಕತೊಡಗಿದಳು.